ಹೃದಯದ ಚೂರಿಗೆ ಏನು ಕೇಳಬೇಕು?

ಜ್ವರ ಇಳಿದ ಮೇಲೂ ಎದೆನೋವು, ಏದುಸಿರು ಬಿಡದಿದ್ದರೆ ಗಳಗನಾಥದಂಥ ಹಳ್ಳಿಯವರು ಹಾವೇರಿಗೆ ಬರುತ್ತಾರೆ; ಅಲ್ಲಿ ಇಸಿಜಿ ಏರುಪೇರಾಗಿ ಕಂಡರೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗುತ್ತಾರೆ. ರಕ್ತದಲ್ಲಿ ಹೃದಯದ ಹಾನಿ ತೋರುವ ಟ್ರೊಪೋನಿನ್ ಏರಿದೆ, ಎಕೋದಲ್ಲಿ ಹೃದಯ ಸೋತಂತೆ ಕಾಣುತ್ತಿದೆ, ಆದರೆ ಆಂಜಿಯೋಗ್ರಾಮ್‌ನಲ್ಲಿ ರಕ್ತನಾಳಗಳೆಲ್ಲ ಸರಿಯಾಗಿಯೇ ಇವೆ ಎಂದಾದಾಗ ವೈದ್ಯರ ಅನುಮಾನ ಮಯೋಕಾರ್ಡೈಟಿಸ್ ಕಡೆಗೆ, ಅಂದರೆ ಹೃದಯ ಸ್ನಾಯುವಿನ ಉರಿಯೂತದ ಕಡೆಗೆ ತಿರುಗುತ್ತದೆ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಕೆಲವರ ಹೃದಯ ಮಾತ್ರ ಹಿಗ್ಗಿ ಬಲ ಕಳೆದುಕೊಳ್ಳುತ್ತದೆ. ಯಾರ ಪಾಡು ಏನಾಗಬಹುದೆಂದು ಮೊದಲೇ ಅರಿಯಲು ಹೃದಯದ ಚೂರು ತೆಗೆದು ನೋಡುವ ಬಯಾಪ್ಸಿ ನೆರವಾಗುತ್ತದೆ. ಆದರೆ ಅದು ಬೇಕಾಗುವುದು ಕೆಲವರಿಗಷ್ಟೇ, ಫಲ ಕೊಡುವುದು ಆ ಚೂರಿಗೆ ಸರಿಯಾದ ಪ್ರಶ್ನೆ ಕೇಳಿದಾಗಷ್ಟೇ.

ಕುತ್ತಿಗೆಯ ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ತೆಳ್ಳನೆಯ ನಳಿಕೆ ತೂರಿಸಿ, ಅದರ ತುದಿಯ ಪುಟ್ಟ ಇಕ್ಕಳದಿಂದ ಹೃದಯದ ಒಳಗೋಡೆಯ ಒಂದೆರಡು ಮಿಲಿಮೀಟರ್ ಚೂರುಗಳನ್ನು ಕಚ್ಚಿ ತೆಗೆಯುತ್ತಾರೆ. ಎದೆ ಕೊಯ್ಯದ ಈ ದಾರಿಯನ್ನು 1962ರಲ್ಲಿ ತೋರಿದವರು ಜಪಾನಿನ ಸಕಾಕಿಬಾರಾ ಮತ್ತು ಕೊನ್ನೊ. ಬಹುಕಾಲ ಆ ಚೂರಿಗೆ ಕೇಳುತ್ತಿದ್ದದ್ದು ಉರಿಯೂತ ಇದೆಯೋ ಇಲ್ಲವೋ ಎಂದಷ್ಟೇ. 1986ರ ಡಲ್ಲಾಸ್ ಮಾನದಂಡದಂತೆ ಉರಿಯೂತದ ಕಣಗಳೂ ಪಕ್ಕದಲ್ಲೇ ಸ್ನಾಯುಕೋಶದ ಹಾನಿಯೂ ಕಂಡರೆ ರೋಗ ಖಚಿತ. ಇಷ್ಟರಿಂದ ರೋಗಿಯ ಮುಂದಿನ ಪಾಡು ತಿಳಿಯುತ್ತಿರಲಿಲ್ಲ. 2008ರಲ್ಲಿ ಜರ್ಮನಿಯ ತಂಡವೊಂದು ಮಯೋಕಾರ್ಡೈಟಿಸ್ ಶಂಕೆಯ 181 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ವರದಿ ಮಾಡಿತು. ಡಲ್ಲಾಸ್ ಫಲಿತಾಂಶವಾಗಲಿ, ಚೂರಿನಲ್ಲಿ ಸಿಕ್ಕ ವೈರಾಣುವಿನ ಕುರುಹಾಗಲಿ ಕೇಡಿನ ಮುನ್ಸೂಚನೆ ಕೊಡಲಿಲ್ಲ. ಪ್ರತಿಕಾಯಗಳಿಂದ ಉರಿಯೂತದ ಕಣಗಳಿಗೆ ಬಣ್ಣ ಹಿಡಿಸಿ ನೋಡುವ ಇಮ್ಯುನೋಹಿಸ್ಟಾಲಜಿ ಕೊಟ್ಟಿತು. ಏದುಸಿರು, ಸುಸ್ತಿನ ತೀವ್ರತೆಯೂ ಹೃದಯದ ಹೊರೆ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಸಿಗದಿರುವುದೂ ಅಷ್ಟೇ ಮುಖ್ಯವಾಗಿದ್ದವು. ಅಂದರೆ ರೋಗಿಯ ಸ್ಥಿತಿಯ ಜೊತೆಗಿಟ್ಟು ಓದಿದರೆ ಮಾತ್ರ ಚೂರಿಗೆ ಅರ್ಥ.

ಬಯಾಪ್ಸಿಯ ಬೆಲೆ ತಿಳಿಯುವುದು ಅದರಿಂದ ಚಿಕಿತ್ಸೆಯೇ ಬದಲಾಗುವಲ್ಲಿ. ಬಯಾಪ್ಸಿಯಲ್ಲಿ ಗುರುತಿಸುವ ಜೈಂಟ್ ಸೆಲ್ ಮಯೋಕಾರ್ಡೈಟಿಸ್ ಅಪರೂಪದ, ಉಗ್ರ ಕಾಯಿಲೆ. 1997ರಲ್ಲಿ ಪ್ರಕಟವಾದ 63 ರೋಗಿಗಳ ಅಧ್ಯಯನದಲ್ಲಿ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಸಿಗದವರಲ್ಲಿ ಅರ್ಧದಷ್ಟು ಮಂದಿಗೆ 3 ತಿಂಗಳೊಳಗೇ ಸಾವು ಅಥವಾ ಹೃದಯ ಕಸಿ ಎದುರಾಯಿತು. ಸ್ಟೀರಾಯ್ಡ್ ಜೊತೆಗೆ ಇಂಥ ಬೇರೆ ಔಷಧಿಯನ್ನೂ ಪಡೆದವರಲ್ಲಿ ಆ ಅವಧಿ ಸುಮಾರು 12 ತಿಂಗಳಿಗೇರಿತು. ಹಾಗಾದರೆ ಬಯಾಪ್ಸಿಯೇಕೆ, ಎಲ್ಲರಿಗೂ ಅದೇ ಔಷಧಿ ಕೊಡಬಹುದಲ್ಲ? 1995ರ ಅಮೆರಿಕದ ಪ್ರಯೋಗದಲ್ಲಿ ಮಯೋಕಾರ್ಡೈಟಿಸ್‌ನ 111 ರೋಗಿಗಳನ್ನು ಹೋಲಿಸಿದಾಗ ಅದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನಮ್ಮ ದೇಶದಲ್ಲಂತೂ ಹೃದಯದ ಚೂರಿನಲ್ಲಿ ಕಾಣುವ ಉರಿಯೂತದ ಗಂಟುಗಳಿಗೆ ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ ಕಾರಣವಿರಬಹುದು, ಕ್ಷಯವೂ ಇರಬಹುದು. ಕ್ಷಯಕ್ಕೆ ಬರೀ ಸ್ಟೀರಾಯ್ಡ್ ಕೊಟ್ಟರೆ ಅದು ಉಲ್ಬಣಿಸೀತು.

ಆಕ್ಷೇಪಗಳೂ ಹಗುರವಲ್ಲ. ಉರಿಯೂತ ಹೃದಯದ ತುಂಬ ಒಂದೇ ಸಮ ಹರಡಿರುವುದಿಲ್ಲ. ಚೀಲದ ಬಾಯಲ್ಲಿನ ಹಿಡಿ ಮೆಣಸಿನಕಾಯಿ ನೋಡಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಯಾರೂ ಇಡೀ ರಾಶಿಗೆ ಬೆಲೆ ಕಟ್ಟುವುದಿಲ್ಲ. ಅದಕ್ಕೇ ಐದಾರು ಚೂರು ತೆಗೆಯುತ್ತಾರೆ. ಆದರೂ ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ಹೃದಯದ ಗೋಡೆ ತೂತಾಗುವ ಅಪಾಯ ನುರಿತ ಕೈಗಳಲ್ಲಿ ಕಡಿಮೆ, ಸೊನ್ನೆಯಲ್ಲ. ಎಂಆರ್‌ಐ ಸಾಲದೇ ಎಂದರೆ, ಸ್ಥಿರವಾಗಿರುವವರಿಗೆ ಬಹುಮಟ್ಟಿಗೆ ಸಾಕು. ಆದರೆ ಉರಿಯೂತ ಎಲ್ಲಿದೆ ಎಂದು ತೋರುವ ಅದು ಯಾವ ಬಗೆಯದೆಂದು ಹೇಳದು. ಆದ್ದರಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಬಯಾಪ್ಸಿ ಬೇಡ. ರಕ್ತದೊತ್ತಡ ಕುಸಿಯುತ್ತಿದ್ದರೆ, ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ) ಆಗಿದ್ದರೆ, ಒಂದೆರಡು ವಾರದ ಚಿಕಿತ್ಸೆಗೂ ಹೃದಯ ಬಗ್ಗದಿದ್ದರೆ ಬೇಕು, ತಡವಿಲ್ಲದೆ ಬೇಕು. ಹಾವೇರಿ, ರಾಣೆಬೆನ್ನೂರಿನಲ್ಲೇ ಅದು ಆಗಬೇಕೆಂದಲ್ಲ. ಇಂಥವರನ್ನು ಗುರುತಿಸಿ ಬೆಂಗಳೂರಿನ ಜಯದೇವದಂಥ ದೊಡ್ಡ ಹೃದ್ರೋಗ ಸಂಸ್ಥೆಗೆ ಬೇಗ ಕಳಿಸುವುದು ಆಗಬೇಕು. ಕೈಯಲ್ಲಿರುವುದೇ ಮೂರು ತಿಂಗಳಾದರೆ, ಅದರಲ್ಲೊಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದರಲ್ಲೇ ಕಳೆಯಬಾರದು.