ಉದ್ಯಮಬಾಗದ ಬುಡದ ಬೆಂಕಿ ಕಡಲಿಗಿಳಿದ ಕಥೆ

ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕಕ್ಕೆ ಹೊಯ್ಯುವ ಕಬ್ಬಿಣದ ಕಾವು ಸುಮಾರು 1,400 ಡಿಗ್ರಿ ಸೆಲ್ಸಿಯಸ್. ಜ್ವಾಲಾಮುಖಿಯ ಲಾವಾ? 1,100ರಿಂದ 1,200! ಲಾವಾಕ್ಕಿಂತ ಬಿಸಿಯಾದ ದ್ರವವನ್ನು ನಮ್ಮ ಬೆಳಗಾವಿಯ ಕಾರ್ಮಿಕರು ದಿನನಿತ್ಯ ಅಚ್ಚಿಗೆ ಸುರಿಯುತ್ತಾರೆ. ಅದಕ್ಕಿಂತ ದೊಡ್ಡ ಅಚ್ಚರಿ ಅವರ ಕಾಲಡಿಯಲ್ಲೇ ಇದೆ.

ಇಲ್ಲಿನ ಕೆಮ್ಮಣ್ಣಿನ ಕೆಳಗೆ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿಕೊಂಡು ಪದರ ಪದರವಾಗಿ ಹರಿದ ಲಾವಾ ಅದು. ಈ ಹಾಸಿನ ತೆಂಕಣ ಅಂಚಿನಲ್ಲಿ ನಾವಿದ್ದೇವೆ. ಬಡಗಣಕ್ಕೆ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತಿನವರೆಗೆ ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿದೆ. ಆಗ ಹೊಮ್ಮಿದ ಗಂಧಕದ ಅನಿಲ ಹವೆಯನ್ನು ತಂಪಾಗಿಸಿತು, ಇಂಗಾಲದ ಡೈಆಕ್ಸೈಡ್ ಕಾಯಿಸಿತು.

ಆ ಬೆಂಕಿ ಈಗೆಲ್ಲಿ? ಆರಲೇ ಇಲ್ಲ! ನಮ್ಮ ನೆಲವೇ ಅದನ್ನು ಬಿಟ್ಟು ಬಡಗಣಕ್ಕೆ ಸರಿಯಿತು. ಭೂಗರ್ಭದ ಆ ಬಿಸಿಯ ಚಿಲುಮೆ ಹಿಂದುಳಿದು ಕಡಲ ಪಾಲಾಯಿತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್‌ಗಳ ಬುಡದಲ್ಲಿ ಮುಳುಗಿರುವ ಬೆಟ್ಟಸಾಲು ಅದರದೇ ಹೆಜ್ಜೆಗುರುತು ಎನ್ನುತ್ತಾರೆ ಹೆಚ್ಚಿನ ಭೂವಿಜ್ಞಾನಿಗಳು. ಇಂದು ಅದು ಇಲ್ಲಿಂದ 4,000 ಕಿ.ಮೀ.ಗೂ ಆಚೆ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಪದೇ ಪದೇ ಲಾವಾ ಉಗುಳುತ್ತಿದೆ. ಉದ್ಯಮಬಾಗದ ಕರಿಕಲ್ಲಿಗೂ ಆ ದ್ವೀಪಕ್ಕೂ ಒಂದೇ ಒಲೆ!

ಕಡಲಡಿಯ ಬೆಂಕಿಯ ಆಟ ಇಷ್ಟಕ್ಕೇ ಮುಗಿಯುವುದಿಲ್ಲ. ಸಾಗರತಳದಲ್ಲಿ ಸುಮಾರು 65,000 ಕಿ.ಮೀ. ಉದ್ದದ ಜ್ವಾಲಾಮುಖಿ ಸಾಲಿದೆ. ಅದು ಸದಾ ಒಂದೇ ಹದದಲ್ಲಿ ಕುದಿಯುತ್ತದೆ ಎಂಬ ನಂಬಿಕೆಯನ್ನು 2015ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಾಯಾ ಟಾಲ್‌ಸ್ಟಾಯ್ ಪ್ರಶ್ನಿಸಿದರು. ಉಬ್ಬರವಿಳಿತದ ಲಯಕ್ಕೂ, ಭೂಕಕ್ಷೆ ಹಿಗ್ಗಿ ಕುಗ್ಗುವ 1 ಲಕ್ಷ ವರ್ಷಗಳ ಲಯಕ್ಕೂ ಈ ಸಾಲು ಸ್ಪಂದಿಸುತ್ತದೆ ಎಂಬ ಸುಳಿವು ಅವರಿಗೆ ಸಿಕ್ಕಿತ್ತು. ಹಿಮಯುಗದಲ್ಲಿ ಕಡಲಮಟ್ಟ ಸುಮಾರು 120 ಮೀಟರ್ ಕುಸಿಯುತ್ತದೆ, ಮೇಲಿನ ನೀರಿನ ಭಾರ ಇಳಿಯುತ್ತದೆ, ಲಾವಾ ಹೆಚ್ಚುತ್ತದೆ. ಜತೆಗೆ ಬರುವ ಇಂಗಾಲದ ಡೈಆಕ್ಸೈಡ್ ಹಿಮಯುಗವನ್ನೇ ಕರಗಿಸಲು ನೆರವಾಗಿರಬಹುದು! ಇನ್ನೂ ಚರ್ಚೆಯಲ್ಲಿರುವ ವಾದ, ಆದರೆ ಎಂಥ ವಾದ! ಕಡಲಡಿಯ ಬೆಂಕಿ ಬಾನನ್ನೂ ಮುಟ್ಟಬಲ್ಲದು: 2022ರ ಜನವರಿ 15ರಂದು ಟೊಂಗಾದ ಕಡಲಡಿಯ ಜ್ವಾಲಾಮುಖಿ ಸಿಡಿದಾಗ ಅದರ ಹೊಗೆಗಂಬ 57 ಕಿ.ಮೀ. ಎತ್ತರಕ್ಕೆ ಏರಿತು, ವಾಯುಮಂಡಲದ ಮೇಲ್ಪದರಕ್ಕೆ ಅಪಾರ ನೀರಾವಿ ಸೇರಿತು.

ಬೆಂಕಿ ಕಾರಿದ್ದನ್ನು ಕಲ್ಲು ಮರಳಿ ನುಂಗುತ್ತದೆ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗಾಗಿಸಿದ ಸಂಗತಿ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಕರಿಕಲ್ಲನ್ನು ತಿನ್ನುತ್ತದೆ. ಕಬ್ಬಿಣ, ಅಲ್ಯುಮಿನಿಯಂ ಮಾತ್ರ ಹಿಂದುಳಿದು ಜಂಬಿಟ್ಟಿಗೆಯಾಗುತ್ತದೆ, ಬಾಕ್ಸೈಟ್ ಆಗುತ್ತದೆ. ಖಾನಾಪುರದ ಕೆಂಪು ಗುಡ್ಡಗಳು, ಬೆಳಗಾವಿಯಲ್ಲಿ ಅಲ್ಯುಮಿನಾ ಕಾರ್ಖಾನೆ ತಲೆಯೆತ್ತಲು ಕಾರಣವಾದ ಅದಿರು, ಎಲ್ಲ ಮಳೆಯ ಈ ಕೆಲಸವೇ. ಕಲ್ಲಿನಿಂದ ಬಿಡಿಸಿಕೊಂಡ ಸುಣ್ಣದ ಅಂಶವನ್ನೂ ಗಾಳಿಯಿಂದ ಕಸಿದ ಇಂಗಾಲವನ್ನೂ ಹೊತ್ತು ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ, ಬಂಗಾಳ ಕೊಲ್ಲಿ ತಲುಪುತ್ತಾಳೆ. ಅಲ್ಲಿ ಕಡಲಜೀವಿಗಳು ಆ ಸುಣ್ಣ, ಇಂಗಾಲಗಳಿಂದಲೇ ಚಿಪ್ಪು ಕಟ್ಟಿಕೊಳ್ಳುತ್ತವೆ.