ಬಾಯಾರಿದ ಮರಗಳ ಹೂ ನೋಡಲು

ತಾರಸಿ ತೋಟದವರನ್ನು ಯಾವ ಮರದ ಕೆಳಗೆ ನಿಲ್ಲಿಸಿದರೂ ಮೊದಲ ಪ್ರಶ್ನೆ ಗೊಬ್ಬರದ್ದೇ. ಫೆಬ್ರುವರಿ ಕೊನೆಯ ಒಂದು ಭಾನುವಾರ ಬೆಂಗಳೂರಿನ ಕೈತೋಟಗಾರರ ಗುಂಪೊಂದು ಹೂಮರ ನೋಡಲು ಲಾಲ್‌ಬಾಗಿಗೆ ಹೊರಟಾಗ ನಾನೂ ಜೊತೆಗಿದ್ದೆ. ಕೆಂಪು ಬೂರುಗದತ್ತ ಕತ್ತೆತ್ತಿ ಒಬ್ಬರು ಕೇಳಿದರು: "ಸರ್, ಇದಕ್ಕೆ ಏನು ಹಾಕ್ತಾರೆ?" ಮರಗಳನ್ನು ತೋರಿಸುತ್ತಿದ್ದ ನಿವೃತ್ತ ತೋಟಗಾರಿಕೆ ಅಧಿಕಾರಿ ನಕ್ಕರು. "ಏನೂ ಹಾಕಲ್ಲಮ್ಮ. ನೀರೂ ಹಾಕಲ್ಲ."

ದಿನಕ್ಕೆರಡು ಸಲ ಕುಂಡಕ್ಕೆ ನೀರೆರೆದು, ಕಡಲೆ ಹಿಂಡಿ ನೆನೆಸಿದ ನೀರನ್ನೂ ಹೊಯ್ದು, ಆದರೂ ದಾಸವಾಳದ ಮೊಗ್ಗು ಉದುರುತ್ತದೆ ಎಂದು ಗೋಳಾಡುವವರಿಗೆ ಆ ಉತ್ತರ ರುಚಿಸಲಿಲ್ಲ.

ನಮ್ಮಲ್ಲಿ ವಸಂತ ಕಾಲಿಡುವುದೇ ಒಣಗಾಲದಲ್ಲಿ. ಮಳೆ ನಿಂತು ತಿಂಗಳುಗಳಾಗಿರುತ್ತವೆ, ಮೇಲುಮಣ್ಣು ಬಿರಿದಿರುತ್ತದೆ. ಎಲೆಯಿದ್ದರೆ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಆದ್ದರಿಂದ ಬೂರುಗ, ಮುತ್ತುಗದಂಥ ಮರಗಳು ಎಲೆಯನ್ನೇ ಕಳಚಿ ಹಾಕುತ್ತವೆ. ಖರ್ಚು ನಿಂತ ಮೇಲೆ ಕಾಂಡದಲ್ಲಿ, ಬೇರಿನಲ್ಲಿ ಉಳಿದ ನೀರು ಮೊಗ್ಗಿಗೆ ಒದಗುತ್ತದೆ. ಬರಿಗೊಂಬೆಯ ಮೇಲಿನ ಹೂ ದೂರದಿಂದಲೇ ಹಕ್ಕಿ, ಜೇನುಗಳ ಕಣ್ಣಿಗೆ ಬೀಳುವುದು ಇನ್ನೊಂದು ಲಾಭ. ಏಪ್ರಿಲ್, ಮೇ ಹೊತ್ತಿಗೆ ಬೂರುಗದ ಕಾಯಿ ಒಡೆದು ಅರಳೆಯ ಜೊತೆ ಬೀಜ ಹಾರುತ್ತದೆ; ಅಷ್ಟರಲ್ಲಿ ಮುಂಗಾರು ಹತ್ತಿರ ಬಂದಿರುತ್ತದೆ. ಇಷ್ಟು ಒಳ್ಳೆಯ ಲೆಕ್ಕಾಚಾರ ನಮ್ಮ ಯಾವ ಬಜೆಟ್ಟಿನಲ್ಲೂ ಕಾಣೆ.

ಬೂರುಗದ ಹೂವಿನ ಮೇಲೆ ಮೈನಾ, ಕಾಗೆ, ಅಳಿಲುಗಳ ಜಗಳ ನಡೆದಿತ್ತು. ಐದು ದಪ್ಪ ಎಸಳುಗಳ ಆ ಹೂ ಕೆಳಗೆ ಬಿದ್ದರೆ ತೊಪ್ಪೆಂದು ಸದ್ದಾಗುತ್ತದೆ, ಕೈಗೆತ್ತಿಕೊಂಡರೆ ಭಾರ. ಮುತ್ತುಗದ ಹೂ ಹಗುರ. ಕೇಸರಿ ಬಣ್ಣದ ಎಸಳು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ, ತೊಟ್ಟು ಮಾತ್ರ ಮಖಮಲ್ಲಿನ ಕಪ್ಪು. ಗುಂಪಿನ ಅಜ್ಜಿಯೊಬ್ಬರಿಗೆ ಹೂವಿಗಿಂತ ಎಲೆಯ ನೆನಪೇ ಹೆಚ್ಚು. ಮದುವೆಮನೆಗೆ ಮುತ್ತುಗದ ಎಲೆ ಹಚ್ಚುತ್ತಿದ್ದ ದಿನಗಳನ್ನು ಅವರು ಹೇಳತೊಡಗಿದ್ದೇ ಉಳಿದವರ ಫೋಟೊ ತೆಗೆಯುವ ಕೆಲಸ ತಾನಾಗಿ ನಿಂತಿತು.

ಫೋಟೊಗಳ ಮಹಾರಾಣಿ ಬೇರೆಯೇ ಇದ್ದಾಳೆ. ಗುಲಾಬಿ ತಬೆಬೂಯಾ ಮಧ್ಯ ಅಮೆರಿಕದ ಕಡೆಯ ಮರ, ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ಮರ. ಹಳದಿ ತಬೆಬೂಯಾ ದಕ್ಷಿಣ ಅಮೆರಿಕದ್ದು. ಈಗ ಬೆಂಗಳೂರಿನ ವಸಂತವೆಂದರೆ ಇವೇ ಎಂಬಂತಾಗಿದೆ. ಹೂಮರಗಳ ಮಾತು ಬಂದಾಗಲೆಲ್ಲ ಕೃಂಬಿಗಲ್ ಹೆಸರು ಕೇಳಿಬರುವುದು ಸಹಜವೇ. ಜರ್ಮನಿಯಲ್ಲಿ ಹುಟ್ಟಿ, ಬರೋಡದಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಅವರು, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳಬೇಕೆಂದು ಯೋಚಿಸಿ ಸಾಲುಮರಗಳನ್ನು ಆರಿಸಿದವರು. ಆದರೆ ಬಡಾವಣೆಗಳ ರಸ್ತೆಬದಿಯ ನೆರಳಿಗೆ ನಾವು ನೆನೆಯಬೇಕಾದ ಇನ್ನೊಬ್ಬರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. 1980ರ ದಶಕದಲ್ಲಿ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಲಕ್ಷಾಂತರ ಸಸಿಗಳು ಬೇರೂರಿದವು. ಅವರ ಹೆಸರು ಗುಂಪಿನಲ್ಲಿ ಅನೇಕರಿಗೆ ಹೊಸದು.

ತಬೆಬೂಯಾದ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಅದರೆದುರು ಸೆಲ್ಫಿಗೆ ಸಾಲು ನಿಂತವರು ಬೂರುಗದ ಹೂವನ್ನು ತುಳಿದುಕೊಂಡೇ ಹೋಗುವುದನ್ನು ನೋಡಿದರೆ ಕಸಿವಿಸಿಯಾಗುತ್ತದೆ.

ಉಪ್ಪಿಟ್ಟು, ಪುಳಿಯೋಗರೆಯ ಡಬ್ಬಿ ಬಿಚ್ಚಿದಾಗ ಮಾತು ಮತ್ತೆ ಮನೆಯ ತಾರಸಿಗೆ ಹಾರಿತು. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವೆದ್ದು, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ಯಾರಿಗೂ ಮರೆತಿಲ್ಲ. ಆ ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರನ್ನೇ ಕಾಪಾಡಿಟ್ಟು ಗಿಡ ಉಳಿಸಿಕೊಂಡ ಗೃಹಿಣಿಯೊಬ್ಬರು, "ಬೇರೆಲ್ಲ ಬಾಡಿದ್ವು, ಕಾಗದದ ಹೂವಿನ ಗಿಡ ಮಾತ್ರ ಹಿಂದೆಂದೂ ಇಲ್ಲದಷ್ಟು ಬಿಟ್ಟಿತ್ತು" ಎಂದರು. ಮರ ತೋರಿಸುತ್ತಿದ್ದ ಅಧಿಕಾರಿಗಳಿಗೆ ಬೇಕಿದ್ದದ್ದೂ ಇದೇ ಮಾತು. ಕಾಗದದ ಹೂ ಬೇರು ಒಣಗಿದಾಗಲೇ ಮೈತುಂಬ ಅರಳುತ್ತದೆ. ಮಲ್ಲಿಗೆ ಬೆಳೆಗಾರರೂ ಚಳಿಗಾಲದಲ್ಲಿ ನೀರು ನಿಲ್ಲಿಸಿ, ಗಿಡ ಸವರಿ, ಆಮೇಲೆ ಗೊಬ್ಬರ ಕೊಟ್ಟು ನೀರು ಹಾಯಿಸುತ್ತಾರೆ ಎಂದು ವಿವರಿಸಿದರು.

"ಹಾಗಾದ್ರೆ ನಾಳೆಯಿಂದಲೇ ನನ್ನ ಗುಲಾಬಿಗೂ ನೀರು ಬಂದ್!" ಯುವಕನೊಬ್ಬ ಉತ್ಸಾಹದಿಂದ ಎದ್ದ.

"ಸ್ವಲ್ಪ ತಡಿಯಪ್ಪ," ಎಂದರು ಅವರು. ಮರದ ಬೇರು ಆಳದ ತೇವ ಹುಡುಕಿಕೊಂಡು ಹೋಗುತ್ತದೆ, ಗ್ರೋ ಬ್ಯಾಗಿನ ಗಿಡ ಎಲ್ಲಿಗೆ ಹೋಗಬೇಕು? ಗುಲಾಬಿ, ದಾಸವಾಳಗಳಿಗೆ ಬಾಯಾರಿಕೆ ತಡೆಯುವ ಶಕ್ತಿ ಕಡಿಮೆ. ಬೆರಳನ್ನು ಮಣ್ಣಿಗೆ ಎರಡು ಗೆಣ್ಣು ಇಳಿಸಿ, ತೇವವಿದ್ದರೆ ಅಂದು ಸುಮ್ಮನಿರಬೇಕು, ಒಣಗಿದ್ದರೆ ಕೆಳಗಿನ ತೂತಿನಿಂದ ನೀರು ಇಳಿಯುವಷ್ಟು ಹಾಕಬೇಕು. ಪೈಪು ಹಿಡಿದು ಮೇಲುಮೇಲೆ ಚಿಮುಕಿಸುವುದಂತೂ ಗಿಡಕ್ಕೂ ದಂಡ, ನೀರಿಗೂ ದಂಡ.

ಮುಂದಿನ ಸುತ್ತಾಟ ಹೊಂಗೆಯ ಹೂವಿಗೆ ಎಂದು ಗೊತ್ತಾಯಿತು. ಮಾರ್ಚ್ ಕಳೆಯುವುದರೊಳಗೆ ಹೊಂಗೆ ತಿಳಿಹಸಿರು ಚಿಗುರು ಹೊದ್ದು ಹೂ ಸುರಿಸತೊಡಗುತ್ತದೆ. ಬೆಳಿಗ್ಗೆ ಆರಕ್ಕೇ ಬರಬೇಕಂತೆ. ತಡವಾದರೆ ಪೌರಕಾರ್ಮಿಕರು ಅಷ್ಟನ್ನೂ ಗುಡಿಸಿ ಗುಡ್ಡೆ ಹಾಕಿರುತ್ತಾರೆ. ಆ ಗುಡ್ಡೆ ಗೊಬ್ಬರಕ್ಕಾದರೂ ಸಿಗುತ್ತದೆ ಎಂದು ಚೀಲ ತರುವುದಾಗಿ ಇಬ್ಬರು ಆಗಲೇ ಹೆಸರು ಬರೆಸಿದರು.