ಹಳೆಯ ಡೀಸೆಲ್ ಪಿಕಪ್ ಸ್ಟಾರ್ಟ್ ಆಗದಿದ್ದರೆ ಮೊದಲು ಹೊಗೆ ನೋಡಿ

ಸದಸ್ಯ ಬಂಧುಗಳೇ,

ಸಿರುಮುಗೈಯ ಸೀರೆ, ಮೆಟ್ಟುಪಾಳ್ಯದ ತರಕಾರಿ, ತಿರುಪ್ಪೂರಿನ ಬನಿಯನ್ ಸಾಗಿಸುವ ನಮ್ಮವರಿಗೆ ನಸುಕಿನಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ಅಂದಿನ ಬಾಡಿಗೆಯೇ ಹೋದಂತೆ. ಗಾಬರಿಯಲ್ಲಿ ಸೆಲ್ಫ್ ಹೊಡೆಯುತ್ತಲೇ ಇದ್ದು ನಾವೂ ಬ್ಯಾಟರಿ ಕಳೆದುಕೊಂಡವರೇ. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, 10 ಸೆಕೆಂಡ್ ಮಾತ್ರ ಸೆಲ್ಫ್ ಹೊಡೆಯಿರಿ. ಇನ್ನೊಬ್ಬರು ಸೈಲೆನ್ಸರ್ ಕಡೆ ನೋಡಲಿ.

ಇಂಜಿನ್ ನಿಧಾನವಾಗಿ ತಿರುಗಿದರೆ: ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್ ಉಜ್ಜಿ ಬಿಗಿ ಮಾಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು.

ಚೆನ್ನಾಗಿ ತಿರುಗಿದರೂ ಹೊಗೆಯೇ ಇಲ್ಲದಿದ್ದರೆ: ಡೀಸೆಲ್ ತಲುಪುತ್ತಿಲ್ಲ. ಫಿಲ್ಟರ್‌ನ ತಳದ ನೀರು ಇಳಿಸಿ. ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಮತ್ತೆ ಬಿಗಿ ಮಾಡಿ. ಮರುದಿನವೂ ಏರ್ ಹಿಡಿದರೆ ಪೈಪಿನಲ್ಲೋ ವಾಷರಿನಲ್ಲೋ ಸೋರಿಕೆಯಿದೆ.

ಬಿಳಿ ಹೊಗೆ ಬಂದರೆ: ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್ ಇರುವ ಗಾಡಿಯಾದರೆ ಅದನ್ನು ಪರೀಕ್ಷಿಸಿ. ಅದೂ ಸರಿಯಿದ್ದರೆ ಇಂಜೆಕ್ಟರ್, ಕಂಪ್ರೆಷನ್ ನೋಡಲು ಮೆಕ್ಯಾನಿಕ್ ಬೇಕು.

ಏರ್ ಫಿಲ್ಟರ್‌ಗೆ ಪೆಟ್ರೋಲ್ ಮಾತ್ರ ಹಾಕಬೇಡಿ. ಬೆಂಕಿ ಹತ್ತೀತು, ಇಂಜಿನ್ ಒಡೆದೀತು. ಇಂಜೆಕ್ಟರ್ ಪೈಪ್ ಬಿಚ್ಚಬೇಡಿ. ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮದೊಳಕ್ಕೇ ನುಗ್ಗುತ್ತದೆ. ಬಾಡಿಗೆ ನಾಳೆಯೂ ಸಿಗುತ್ತದೆ, ಕೈ ಸಿಗುವುದಿಲ್ಲ.

ಇಂತಿ,
ಕಾರ್ಯದರ್ಶಿ